ಮೈಸೂರಿಗೆ ಕೆಲಸ ಕೇಳಿಕೊಂಡು ಬಂದ ಸರಳಾದೇವಿ

ಎಲ್ಲರಿಗೂ ನಮಸ್ಕಾರ.

ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆ ಹೇಳುವಾಗ ನಾವು ಯಾವಾಗಲೂ ಒಂದೇ ಕಡೆಯಿಂದ ಶುರು ಮಾಡುತ್ತೇವೆ. ಯಾರು ಕಟ್ಟಿಸಿದರು, ಯಾರು ದುಡ್ಡು ಕೊಟ್ಟರು, ಯಾವ ಮಹಾರಾಜರ ಕಾಲ, ಯಾವ ದಿವಾನರ ಅಪ್ಪಣೆ. ಕಟ್ಟಡದ ಮೇಲಿನ ಶಿಲಾಫಲಕದಲ್ಲೂ ಅದೇ ಇರುತ್ತದೆ. ಇವತ್ತು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗೋಣ. ಆ ಶಾಲೆಗಳಲ್ಲಿ ಪಾಠ ಹೇಳುವ ಕೆಲಸ ಕೇಳಿಕೊಂಡು ಬಂದ ಹೆಂಗಸರ ಕಡೆಯಿಂದ. ಅವರು ಯಾರು? ಯಾಕೆ ಬಂದರು? ಬಂದ ಮೇಲೆ ಎಲ್ಲಿ ಉಳಿದುಕೊಂಡರು? ರಾತ್ರಿ ಆ ಮನೆಗೆ ಕಾವಲು ಯಾರಿದ್ದರು?

ಕೊನೆಯ ಪ್ರಶ್ನೆಯನ್ನು ಸುಮ್ನೆ ಸೇರಿಸಿದ್ದಲ್ಲ.

ಎಲ್ಲ ಹೆಂಗಸರ ಕಥೆ ಒಂದು ಗಂಟೆಯಲ್ಲಿ ಆಗುವುದಿಲ್ಲ. ಒಬ್ಬರನ್ನೇ ಹಿಡಿದುಕೊಳ್ಳೋಣ. ಸರಳಾದೇವಿ. ಆಗಿನ್ನೂ ಸರಳಾ ಘೋಷಾಲ್. ಮದುವೆಯ ನಂತರ ಸರಳಾದೇವಿ ಚೌಧುರಾಣಿ ಆದವರು. ಊರು ಕಲ್ಕತ್ತ. ತಾಯಿ ಸ್ವರ್ಣಕುಮಾರಿ ದೇವಿ, ಬಂಗಾಳಿಯ ದೊಡ್ಡ ಕಾದಂಬರಿಗಾರ್ತಿ, 'ಭಾರತಿ' ಪತ್ರಿಕೆಯ ಸಂಪಾದಕಿ. ತಂದೆ ಜಾನಕೀನಾಥ ಘೋಷಾಲ್, ಕಾಂಗ್ರೆಸ್ಸಿನ ಶುರುವಿನ ದಿನಗಳ ಕೆಲಸಗಾರರು. ತಾಯಿಯ ಅಪ್ಪ ಮಹರ್ಷಿ ದೇವೇಂದ್ರನಾಥ ಟ್ಯಾಗೋರ್. ಸೋದರಮಾವಂದಿರಲ್ಲಿ ಒಬ್ಬರು ಸತ್ಯೇಂದ್ರನಾಥ, ಐಸಿಎಸ್ ಪಾಸಾದ ಮೊದಲ ಭಾರತೀಯ. ಕಿರಿಯ ಮಾವ ರವೀಂದ್ರನಾಥ. ಸತ್ಯೇಂದ್ರನಾಥರು ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದರು, ರವೀಂದ್ರರು 1883ರಲ್ಲಿ ಅಲ್ಲಿಗೆ ಬಂದು ಕಡಲ ದಂಡೆಯಲ್ಲಿ ಓಡಾಡಿದ್ದರು ಅನ್ನೋದು ನಿಮಗೆಲ್ಲ ಗೊತ್ತು. ಕಾರವಾರದ ಬೀಚಿಗೆ ಅವರ ಹೆಸರೇ ಇದೆ. ಆದರೆ ಅದೇ ಮನೆಯ ಹುಡುಗಿಯೊಬ್ಬಳು ಹನ್ನೆರಡು ವರ್ಷ ಬಿಟ್ಟು ಮೈಸೂರಿಗೆ ನೌಕರಿ ಮಾಡಲು ಬಂದಿದ್ದಳು ಅನ್ನೋದು ಎಷ್ಟು ಜನಕ್ಕೆ ಗೊತ್ತು? ರಜೆಗೆ ಬಂದ ಮಾವನಿಗೆ ಬೀಚು ಸಿಕ್ಕಿತು. ದುಡಿಯಲು ಬಂದ ಸೊಸೆಗೆ ಒಂದು ಓಣಿಯೂ ಸಿಗಲಿಲ್ಲ. ಇರಲಿ.

ಸರಳಾ ಹುಟ್ಟಿದ್ದು 1872ರಲ್ಲಿ. ಓದಿದ್ದು ಬೆಥೂನ್ ಶಾಲೆಯಲ್ಲಿ. 1849ರಲ್ಲಿ ಶುರುವಾದ ಆ ಶಾಲೆ ಬಂಗಾಳದ ಹೆಣ್ಣುಮಕ್ಕಳ ಓದಿಗೆ ಹೆಬ್ಬಾಗಿಲು. ಕಾದಂಬಿನಿ ಬಸು, ಚಂದ್ರಮುಖಿ ಬಸು ಇಬ್ಬರೂ 1883ರಲ್ಲಿ ಬಿ.ಎ. ಮುಗಿಸಿದ್ದರು. ಮಾರನೆಯ ವರ್ಷ ಚಂದ್ರಮುಖಿ ಎಂ.ಎ. ಪಾಸಾದರು. ಸರಳಾ ಹುಡುಗಿಯಾಗಿದ್ದಾಗಲೇ ಇವೆಲ್ಲ ಆಗಿತ್ತು. 1890ರಲ್ಲಿ ಆಕೆಯೂ ಇಂಗ್ಲಿಷಿನಲ್ಲಿ ಆನರ್ಸ್ ತೆಗೆದುಕೊಂಡು ಬಿ.ಎ. ಮಾಡಿದರು. ಹೆಣ್ಣುಮಕ್ಕಳಲ್ಲಿ ಮೊದಲಿಗರು ಅಂತ ಪದ್ಮಾವತಿ ಚಿನ್ನದ ಪದಕವೂ ಬಂತು.

ನಡುವೆ ಒಂದು ಸಂಗತಿ ಇದೆ. ನನಗೆ ತುಂಬ ಇಷ್ಟವಾದದ್ದು. ಈ ಹುಡುಗಿಗೆ ವಿಜ್ಞಾನ ಓದುವ ಆಸೆ. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅದಕ್ಕೆ ವ್ಯವಸ್ಥೆ ಇರಲಿಲ್ಲ. ಕಲ್ಕತ್ತದಲ್ಲಿ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ ಒಂದಿತ್ತು. ಮುಂದೆ ಸಿ.ವಿ. ರಾಮನ್ ಪ್ರಯೋಗ ಮಾಡಿದ್ದು ಅದೇ ಸಂಸ್ಥೆಯಲ್ಲಿ. ಅಲ್ಲಿ ಸಂಜೆ ಉಪನ್ಯಾಸ ನಡೆಯುತ್ತಿತ್ತು. ಸರಳಾ ಅಲ್ಲಿಗೆ ಹೋಗುತ್ತಿದ್ದರು. ಹೇಗೆ ಹೋಗುತ್ತಿದ್ದರು ಗೊತ್ತಾ? ಮನೆಯ ಹುಡುಗರು ಜೊತೆಗೆ ಬಂದು, ಈ ಕಡೆ ಆ ಕಡೆ ಕೂತು, ನಡುವೆ ಇವರನ್ನು ಕೂರಿಸಿಕೊಳ್ಳುತ್ತಿದ್ದರು. ಬೆಳಕಿನ ಬಗ್ಗೆ, ವಿದ್ಯುತ್ತಿನ ಬಗ್ಗೆ ಒಂದು ಗಂಟೆ ಕೇಳಬೇಕಾದರೂ ಎರಡೂ ಕಡೆ ಕಾವಲು. ಟ್ಯಾಗೋರ್ ಮನೆತನ ಅಂದರೆ ಹಾಗೆ ಹೀಗೆ ಅಂತೀವಲ್ಲ, ಅಲ್ಲೇ ಹೀಗಿತ್ತು.

ಆ ಮನೆಯನ್ನು ಬೈಯಲು ಹೇಳುತ್ತಿಲ್ಲ. ಸರಳಾ ಕೇಳಿದ್ದು ಎಂಥ ದೊಡ್ಡ ವಿಷಯ ಅನ್ನೋದು ಗೊತ್ತಾಗಲಿ ಅಂತ ಅಷ್ಟೇ. ಇನ್ನೊಂದು ಲೆಕ್ಕ ನೋಡಿ. ರವೀಂದ್ರನಾಥರು 1901ರಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದರು. ದೊಡ್ಡವಳಿಗೆ ಹದಿನಾಲ್ಕು, ಚಿಕ್ಕವಳಿಗೆ ಹತ್ತು. ಹೀಗಿದ್ದ ಬಳಗದಲ್ಲಿ ಇಪ್ಪತ್ತೆರಡು ದಾಟಿದ ಸರಳಾ ಮದುವೆಯ ಮಾತು ಎತ್ತುತ್ತಿಲ್ಲ. ಅದರ ಬದಲು ಹೇಳಿದ್ದು ಏನು? ಕೆಲಸಕ್ಕೆ ಹೋಗುತ್ತೇನೆ. ಸಂಬಳ ತೆಗೆದುಕೊಳ್ಳುತ್ತೇನೆ. ಅದೂ ಕಲ್ಕತ್ತದಲ್ಲಲ್ಲ, ಮೈಸೂರಿನಲ್ಲಿ.

ಮನೆಯಲ್ಲಿ ದುಡ್ಡಿಗೇನು ಕೊರತೆ ಇತ್ತಾ? ಇರಲಿಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಆಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಂಗಸರು ಯಾರು ಅಂತ ನೋಡಿದರೆ, ಮಿಷನ್ನಿನ ಮೇಡಮ್ಮುಗಳು, ಕ್ರೈಸ್ತ ಕುಟುಂಬದ ಹೆಣ್ಣುಮಕ್ಕಳು, ಬ್ರಾಹ್ಮಸಮಾಜ ಅನ್ನುವ ಬಂಗಾಳದ ಸುಧಾರಣಾ ಪಂಥದ ಕೆಲವರು, ವಿಧವೆಯರು. ಬೇರೆ ದಾರಿ ಇಲ್ಲದವರು ಮಾಡುವ ಕೆಲಸ ಅನ್ನುವ ಭಾವನೆ ಗಟ್ಟಿಯಾಗಿತ್ತು. ಸರಳಾಳ ತಾಯಿಯೇ 1886ರಲ್ಲಿ 'ಸಖಿ ಸಮಿತಿ' ಅಂತ ಒಂದು ಸಂಘ ಕಟ್ಟಿದ್ದರು. ಅದರ ಉದ್ದೇಶ ಏನು? ಗತಿಯಿಲ್ಲದ ವಿಧವೆಯರನ್ನು, ಮದುವೆಯಾಗದ ಬಡ ಹೆಣ್ಣುಮಕ್ಕಳನ್ನು ಓದಿಸಿ, ಮನೆಮನೆಗೆ ಹೋಗಿ ಹೆಂಗಸರಿಗೆ ಪಾಠ ಹೇಳುವ ಟೀಚರುಗಳನ್ನಾಗಿ ಮಾಡುವುದು. ಬಹಳ ಒಳ್ಳೆಯ ಕೆಲಸ. ಆದರೆ ಸ್ವಂತ ಮಗಳು ಬಂದು, ನಾನೂ ಟೀಚರಾಗುತ್ತೇನೆ ಅಂದರೆ? ಆಗ ಲೆಕ್ಕ ಬೇರೆ. ಹೊಟ್ಟೆಪಾಡಿಗೆ ದುಡಿದರೆ ಅಯ್ಯೋ ಪಾಪ. ಬೇಕು ಅಂತ ದುಡಿದರೆ ಕೊಬ್ಬು. ಈ ಮಾತು ನಮ್ಮ ಮನೆಗಳಲ್ಲೂ ಕೇಳಿದ್ದೇವೆ, ಅಲ್ವಾ?

ಸರಳಾದೇವಿ ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ ಇದಕ್ಕೆ ಕಾರಣ ಹೇಳಿದ್ದಾರೆ. ಮನೆ ಅನ್ನುವ ಪಂಜರದಿಂದ ಹೊರಗೆ ಹೋಗಬೇಕಿತ್ತು. ಗಂಡಸರ ಹಾಗೆ ತಾನೂ ತನ್ನ ಜೀವನಕ್ಕೆ ತಾನೇ ಸಂಪಾದಿಸುವ ಹಕ್ಕನ್ನು ಸಾಧಿಸಿ ತೋರಿಸಬೇಕಿತ್ತು. ಅಷ್ಟೇ. ದೇಶಸೇವೆ, ಸ್ತ್ರೀ ಉದ್ಧಾರ, ಇಂಥ ದೊಡ್ಡ ಮಾತು ಅಲ್ಲಿಲ್ಲ. ಅದಕ್ಕೇ ನನಗೆ ಆ ಕಾರಣ ಹಿಡಿಸಿದ್ದು.

ಅಜ್ಜ ದೇವೇಂದ್ರನಾಥರ ಒಪ್ಪಿಗೆ ಬೇಕಿತ್ತು. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ಅವರು ಬೇಡ ಅನ್ನಲಿಲ್ಲ. ಆದರೆ ಒಂದು ಮಾತು ಹೇಳಿದರಂತೆ. ಜೀವನಪೂರ್ತಿ ಮದುವೆಯಾಗುವುದಿಲ್ಲ ಅಂತ ಅವಳು ಮಾತು ಕೊಟ್ಟರೆ, ಹೋಗುವ ಮೊದಲು ಅವಳನ್ನು ಒಂದು ಕತ್ತಿಗೆ ಮದುವೆ ಮಾಡಿಕೊಡುತ್ತೇನೆ ಅಂತ! ಹಿರಿಯರು ತಮಾಷೆಗೆ ಅಂದರೋ ನಿಜವಾಗಿ ಅಂದರೋ, ಮಾತಿನ ಒಳಗೆ ಇರುವುದು ಒಂದೇ. ಹುಡುಗಿ ಒಬ್ಬಳೇ ಹೊರಡುವ ಹಾಗಿಲ್ಲ. ಗಂಡನಾದರೂ ಬೇಕು, ಇಲ್ಲ ಕತ್ತಿಯಾದರೂ ಬೇಕು. ಕೊನೆಗೆ ಕತ್ತಿಯೂ ಇಲ್ಲದೆ ಹೊರಟರು.

ಈಗ ಮೈಸೂರಿನ ಕಡೆ ಬರೋಣ. ಅಲ್ಲಿಯವರಿಗೆ ಕಲ್ಕತ್ತದ ಪದವೀಧರೆ ಯಾಕೆ ಬೇಕಿತ್ತು?

1881ರ ಮಾರ್ಚಿನಲ್ಲಿ ಬ್ರಿಟಿಷರು ರಾಜ್ಯವನ್ನು ಮತ್ತೆ ಒಡೆಯರಿಗೆ ಒಪ್ಪಿಸಿದರು. ಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದರು. ಅದೇ ವರ್ಷ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಹಿಂದೆ ನಿಂತು ಕಟ್ಟಿದವರು ಅರಮನೆಯ ಹಿರಿಯ ಅಧಿಕಾರಿ, ದರ್ಬಾರ್ ಬಕ್ಷಿ ಅಂಬಳೆ ನರಸಿಂಹ ಅಯ್ಯಂಗಾರರು. ಬಹಳ ಜಾಣತನದಿಂದ ಕಟ್ಟಿದರು. ಮಡಿವಂತರ ಮನೆಯ ಹೆಣ್ಣುಮಕ್ಕಳು ಶಾಲೆಗೆ ಬರಬೇಕಾದರೆ ಏನೇನು ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಮಹಾರಾಣಿಯ ಹೆಸರು ಇದ್ದರೆ ಯಾರೂ ಬೆರಳು ತೋರಿಸುವುದಿಲ್ಲ. ಗಾಡಿ ಕಳಿಸಿ ಕರೆಸಿಕೊಂಡರೆ ದಾರಿಯ ತಕರಾರು ಇಲ್ಲ. ಕನ್ನಡ, ಸಂಸ್ಕೃತ, ಸಂಗೀತ ಕಲಿಸಿದರೆ ಮನೆಯವರಿಗೆ ಸಮಾಧಾನ. ಇಂಗ್ಲಿಷು ಆಮೇಲೆ ಮೆಲ್ಲಗೆ ಒಳಗೆ ಬರಲಿ.

ಆದರೆ ಒಂದು ಗಂಟು ಬಿಡಿಸಲು ಆಗಲಿಲ್ಲ. ಹುಡುಗಿಯರು ಬರುತ್ತಿದ್ದರು, ಹತ್ತು ಹನ್ನೊಂದು ಆಗುವ ಹೊತ್ತಿಗೆ ಮದುವೆಯಾಗಿ ಹೋಗುತ್ತಿದ್ದರು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು ಅನ್ನುವ ಕಾನೂನು ಮೈಸೂರಿನಲ್ಲಿ ಬಂದದ್ದೇ 1894ರಲ್ಲಿ. ಗಮನಿಸಿ, ಹದಿನೆಂಟಲ್ಲ, ಎಂಟು. ಅದಕ್ಕೇ ಆ ಕಾಲಕ್ಕೆ ಮುಂದುವರಿದ ರಾಜ್ಯ ಅಂತ ಹೊಗಳಿಕೆ. ಅದೇ ಕಾನೂನಿನಲ್ಲಿ, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗಬಾರದು ಅಂತಲೂ ಇತ್ತು. ಕಾನೂನು ಮಾಡಬೇಕಾಗಿ ಬಂತು ಅಂದರೆ ಅಂಥ ಮದುವೆ ನಡೆಯುತ್ತಿತ್ತು ಅಂತಲೇ ಅರ್ಥ.

ದೊಡ್ಡ ಹುಡುಗಿಯರನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕಾದರೆ ಹೆಂಗಸರೇ ಪಾಠ ಹೇಳಬೇಕು. ಮದುವೆಯಾದ ಹುಡುಗಿಯನ್ನು ಗಂಡು ಮೇಷ್ಟ್ರ ಮುಂದೆ ಯಾರು ಕೂರಿಸುತ್ತಾರೆ? ಆದರೆ ಓದಿದ ಹೆಂಗಸರು ಎಲ್ಲಿಂದ ಬರಬೇಕು? ಶಾಲೆ ಇದ್ದರೆ ತಾನೇ ಟೀಚರು, ಟೀಚರಿದ್ದರೆ ತಾನೇ ಶಾಲೆ. ಇದು ಮೈಸೂರಿನ ಕಷ್ಟ ಮಾತ್ರ ಅಲ್ಲ. ಇಂಗ್ಲೆಂಡಿನಿಂದ ಮೇರಿ ಕಾರ್ಪೆಂಟರ್ 1866ರಲ್ಲಿ ಬಂದು ಊರೂರು ಸುತ್ತಿ, ಮೊದಲು ಹೆಣ್ಣು ಟೀಚರುಗಳ ತರಬೇತಿ ಶಾಲೆ ಮಾಡಿ ಅಂತ ಸರ್ಕಾರವನ್ನು ಕೇಳಿಕೊಂಡಿದ್ದರು.

1882ರಲ್ಲಿ, ಶಿಕ್ಷಣದ ಸ್ಥಿತಿ ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಕಮಿಷನ್ ಮುಂದೆ ಪಂಡಿತಾ ರಮಾಬಾಯಿ ಹೇಳಿಕೆ ಕೊಟ್ಟರು. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ಹೇಳಿಕೆ ಓದಿದರೆ ಆಶ್ಚರ್ಯ ಆಗುತ್ತದೆ. ಹೆಣ್ಣುಮಕ್ಕಳಿಗೆ ಹೆಂಗಸರೇ ಪಾಠ ಹೇಳಬೇಕು ಅಂದರು. ಆ ಟೀಚರುಗಳಿಗೆ ಗಂಡಸರಿಗಿಂತ ಜಾಸ್ತಿ ಸಂಬಳ ಕೊಡಬೇಕು ಅಂದರು. ವಿದ್ಯಾರ್ಥಿನಿಯರಿಗೂ ಟೀಚರುಗಳಿಗೂ ಎಲ್ಲ ಅನುಕೂಲ ಇರುವ ದೊಡ್ಡ ಕಟ್ಟಡ ಬೇಕು ಅಂದರು. ಸಂಬಳ, ಮನೆ. ಇಪ್ಪತ್ನಾಲ್ಕು ವರ್ಷದ ವಿಧವೆ, ದೊಡ್ಡ ದೊಡ್ಡ ಸಾಹೇಬರ ಮುಂದೆ ನಿಂತು ಹೇಳಿದ ಮಾತು. ಕಮಿಷನ್ನಿನ ವರದಿಯಲ್ಲಿ ಎಷ್ಟೋ ಶಿಫಾರಸು ಬಂದವು. ಟೀಚರಮ್ಮ ರಾತ್ರಿ ಎಲ್ಲಿ ಮಲಗಬೇಕು ಅನ್ನುವ ಪ್ರಶ್ನೆಗೆ ಮಾತ್ರ ಎಷ್ಟೋ ಊರುಗಳಲ್ಲಿ ಉತ್ತರ ಬರಲಿಲ್ಲ. ಇವತ್ತಿಗೂ ಹಳ್ಳಿಗೆ ಪೋಸ್ಟಿಂಗ್ ಆದ ಟೀಚರನ್ನು ಕೇಳಿ ನೋಡಿ. ಶಾಲೆ ಹೇಗಿದೆ ಅನ್ನುವ ಮೊದಲು, ಬಾಡಿಗೆ ಮನೆ ಸಿಕ್ಕಿತಾ, ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುತ್ತಾರೆ.

1894ರ ಡಿಸೆಂಬರ್ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ್ ತೀರಿಕೊಂಡರು. ಎಲ್ಲಿ? ಕಲ್ಕತ್ತದಲ್ಲೇ. ಪ್ರವಾಸ ಹೋದಾಗ ಗಂಟಲಮಾರಿ ತಗುಲಿ, ಮೂವತ್ತೆರಡನೆಯ ವರ್ಷಕ್ಕೇ. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ಹಾಗಾಗಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು. 1902ರವರೆಗೂ ರಾಜ್ಯ ಅವರ ಹೆಸರಿನಲ್ಲೇ ನಡೆಯಿತು. ದಿವಾನರು ಶೇಷಾದ್ರಿ ಅಯ್ಯರ್. ಅಂದರೆ 1895ರಲ್ಲಿ ಸರಳಾ ಬಂದಾಗ ಊರನ್ನು ಆಳುತ್ತಿದ್ದದ್ದು ಹೆಂಗಸು, ಅವರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಶಾಲೆಗೆ ಮಹಾರಾಣಿಯ ಹೆಸರು. ಹೊರಗಿನಿಂದ ನೋಡಿದರೆ ಇದಕ್ಕಿಂತ ಸುರಕ್ಷಿತ ಜಾಗ ಇನ್ನೆಲ್ಲಿ ಸಿಗಬೇಕು?

ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೂರ್ವ ಕರಾವಳಿಯ ರೈಲು ಆಗ ಇನ್ನೂ ಪೂರ್ತಿ ಆಗಿರಲಿಲ್ಲ. ಕಲ್ಕತ್ತದಿಂದ ದಕ್ಷಿಣಕ್ಕೆ ಬರುವುದು ಅಂದರೆ ಸುತ್ತು ಬಳಸಿನ ದಾರಿ. ಬೆಂಗಳೂರಿನಿಂದ ಮೈಸೂರಿಗೆ ಮಾತ್ರ 1882ರಿಂದಲೇ ಮೀಟರ್ ಗೇಜ್ ರೈಲು ಇತ್ತು.

ಅವರು ನೋಡಿದ ಮೈಸೂರು ಇವತ್ತಿನ ಮೈಸೂರಲ್ಲ. ಈಗ ನಾವು ನೋಡುವ ಅರಮನೆ ಆಗ ಇರಲಿಲ್ಲ. ಮರದ ಹಳೆ ಅರಮನೆ ಇತ್ತು. ಅದು ಸುಟ್ಟುಹೋದದ್ದು 1897ರಲ್ಲಿ. ಊರಿಗೆ ಕರೆಂಟು ಬರಲು ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಇತ್ತು. ಸಂಜೆ ಆದರೆ ಎಣ್ಣೆ ದೀಪ, ಆಮೇಲೆ ಕತ್ತಲೆ. ಮಾತು ಗೊತ್ತಿಲ್ಲ. ನೆಂಟರಿಲ್ಲ. ಸೀರೆ ಉಡುವ ರೀತಿಯೇ ಬೇರೆ. ಮೈಸೂರಿನ ಬೀದಿಯಲ್ಲಿ ಇಂಗ್ಲಿಷ್ ಓದಿದ, ಮದುವೆಯಾಗದ, ಇಪ್ಪತ್ತೆರಡರ ಹಿಂದೂ ಹುಡುಗಿ ಒಂಟಿಯಾಗಿ ಮನೆ ಮಾಡಿಕೊಂಡಿದ್ದಾಳೆ ಅಂದರೆ ಜನ ತಿರುಗಿ ನೋಡದೆ ಇರುತ್ತಾರಾ?

ಮಹಾರಾಣಿ ಶಾಲೆಯಲ್ಲಿ ಪಾಠ ಹೇಳಿದರು. ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದರು. ಸಂಗೀತ ಅವರ ರಕ್ತದಲ್ಲೇ ಇತ್ತು. ವೀಣೆ ಶೇಷಣ್ಣನವರ ಊರು, ಅವರ ಕಾಲ. ಕಿವಿ ಸುಮ್ಮನಿರಲಿಲ್ಲ. ಇಲ್ಲಿ ಕೇಳಿದ ಮಟ್ಟುಗಳನ್ನು ಕಲಿತು, ಬರೆದುಕೊಂಡು, ವಾಪಸ್ ಹೋಗುವಾಗ ತೆಗೆದುಕೊಂಡು ಹೋದರು. ರವಿ ಮಾವನ ಮುಂದೆ ಹಾಡಿದರು. ಅವರು ಆ ಮಟ್ಟುಗಳಿಗೆ ಬಂಗಾಳಿ ಮಾತು ಕೂರಿಸಿದರು. 'ಆನಂದಲೋಕೆ ಮಂಗಲಾಲೋಕೆ' ಅನ್ನುವ ಹಾಡನ್ನು ಬಂಗಾಳದಲ್ಲಿ ಇವತ್ತೂ ಸಮಾರಂಭ ಶುರು ಮಾಡುವಾಗ ಹಾಡುತ್ತಾರೆ. ಅದರ ಮಟ್ಟು ಮೈಸೂರಿನದು. ಇಲ್ಲಿಂದ ಹೋದ ದಾರಿ ಸರಳಾ.

ಸಾಮಾನ್ಯವಾಗಿ ಸರಳಾದೇವಿ ಮತ್ತು ಮೈಸೂರು ಅಂದರೆ ಇಷ್ಟಕ್ಕೇ ಮುಗಿಸಿಬಿಡುತ್ತಾರೆ. ಎಷ್ಟು ಚೆನ್ನಾಗಿದೆ ನೋಡಿ, ಕನ್ನಡ ಬಂಗಾಳಿ ಬಾಂಧವ್ಯ, ಚಪ್ಪಾಳೆ. ನಾನು ಅಲ್ಲಿಗೆ ನಿಲ್ಲಿಸುವುದಿಲ್ಲ. ಯಾಕೆಂದರೆ ಅವರು ಹಾಡು ಸಂಗ್ರಹಿಸಲು ಬಂದವರಲ್ಲ. ಕೆಲಸಕ್ಕೆ ಬಂದವರು. ಕೆಲಸ ಬಿಟ್ಟು ಹೋಗಬೇಕಾಯಿತು. ಯಾಕೆ?

ಒಂದು ರಾತ್ರಿ ಯುವಕನೊಬ್ಬ ಅವರಿದ್ದ ಮನೆಯೊಳಗೆ ನುಗ್ಗಿದ.

ಇದಕ್ಕಿಂತ ಜಾಸ್ತಿ ವಿವರಿಸುವ ಅಗತ್ಯ ಇಲ್ಲ. ಇಲ್ಲಿ ಕೂತಿರುವ ಹೆಂಗಸರಿಗಂತೂ ಇಲ್ಲವೇ ಇಲ್ಲ. ಅದಾದ ಮೇಲೆ ಏನಾಯಿತು ಅನ್ನೋದು ನೋಡಬೇಕಾದ್ದು. ಸುದ್ದಿ ಕಲ್ಕತ್ತಕ್ಕೆ ಹೋಯಿತು. ಅಲ್ಲಿನ ಸಂಪ್ರದಾಯದ ಕಡೆಯ ಪತ್ರಿಕೆ ಬರೆಯಿತು. ಏನಂತ? ನುಗ್ಗಿದವನ ಬಗ್ಗೆ ಅಲ್ಲ. ಒಳ್ಳೆಯ ಮನೆತನದ ಹುಡುಗಿಗೆ ಅಷ್ಟು ದೂರ ಹೋಗಿ ಕೆಲಸ ಮಾಡುವ ದರ್ದು ಏನಿತ್ತು ಅಂತ. ನೂರಮೂವತ್ತು ವರ್ಷ ಆಯಿತು. ಕೇಳುವ ಪ್ರಶ್ನೆ ಒಂದಕ್ಷರ ಬದಲಾಗಿಲ್ಲ.

ಸರಳಾ ಕಲ್ಕತ್ತಕ್ಕೆ ವಾಪಸ್ ಹೋದರು. ಬಹಳ ಕಾಲದ ನೌಕರಿ ಅಲ್ಲ. ಹಾಗಾಗಿ ಎಷ್ಟೋ ಜೀವನಚರಿತ್ರೆಗಳಲ್ಲಿ ಮೈಸೂರು ಒಂದು ಸಾಲಿನಲ್ಲಿ ಮುಗಿಯುತ್ತದೆ. ಸ್ವತಂತ್ರವಾಗಿ ಬದುಕುವ ಹುಚ್ಚು ಹತ್ತಿತ್ತು, ಇಳಿಯಿತು, ಮನೆಗೆ ಬಂದಳು ಅನ್ನುವ ಧಾಟಿಯಲ್ಲಿ. ಇದನ್ನು ನಾನು ಒಪ್ಪುವುದಿಲ್ಲ. ಸೋತದ್ದು ಅವರಲ್ಲ, ವ್ಯವಸ್ಥೆ. ಮೈಸೂರು ಒಳ್ಳೆಯ ಶಾಲೆ ಕಟ್ಟಿತು. ಹುಡುಗಿಯರಿಗೆ ಗಾಡಿ ಕಳಿಸಿತು. ಅವರ ಜಾತಿ, ಮಡಿ, ಮನೆಯವರ ಅಂಜಿಕೆ, ಎಲ್ಲವನ್ನೂ ಯೋಚನೆ ಮಾಡಿತು. ದೂರದಿಂದ ಬಂದ ಟೀಚರಿಗೆ ಮಾತ್ರ, ಓದಿದವಳು, ಧೈರ್ಯಸ್ಥೆ, ಹೇಗೋ ನೋಡಿಕೊಳ್ಳುತ್ತಾಳೆ ಅಂದುಕೊಂಡಿತು. ಧೈರ್ಯ ಇದ್ದವರಿಗೆ ಬೀಗ ಬೇಡವಾ?

ಆಮೇಲಿನ ಜೀವನ ದೊಡ್ಡದು, ಬೇಗ ಹೇಳಿಬಿಡುತ್ತೇನೆ. 'ಭಾರತಿ' ಪತ್ರಿಕೆಯನ್ನು ಮೊದಲು ಅಕ್ಕ ಹಿರಣ್ಮಯಿಯ ಜೊತೆ, ಆಮೇಲೆ ಒಬ್ಬರೇ ನಡೆಸಿದರು. ಕಲ್ಕತ್ತದ ತಮ್ಮ ಮನೆಯಲ್ಲೇ ಗರಡಿ ಶುರು ಮಾಡಿ, ಹುಡುಗರಿಗೆ ಲಾಠಿ, ಕತ್ತಿವರಸೆ ಕಲಿಸಲು ಮುರ್ತಜಾ ಅನ್ನುವ ಉಸ್ತಾದರನ್ನು ಇಟ್ಟುಕೊಂಡರು. 1903ರಲ್ಲಿ, ಮೊಘಲರ ಎದುರು ನಿಂತ ಬಂಗಾಳದ ರಾಜ ಪ್ರತಾಪಾದಿತ್ಯನ ಹೆಸರಿನಲ್ಲಿ ಉತ್ಸವ ಮಾಡಿಸಿದರು. ಭಾಷಣ ಇಲ್ಲ, ಕುಸ್ತಿ, ಕತ್ತಿವರಸೆ. ಅಜ್ಜನ ಕತ್ತಿ ಬೇರೆ ದಾರಿಯಲ್ಲಿ ಮನೆಗೆ ಬಂತು ಅನ್ನಿ! 1905ರಲ್ಲಿ, ಮೂವತ್ತಮೂರರಲ್ಲಿ, ಲಾಹೋರಿನ ವಕೀಲ ರಾಂಭುಜ್ ದತ್ತ ಚೌಧುರಿಯವರನ್ನು ಮದುವೆಯಾದರು. 1910ರಲ್ಲಿ 'ಭಾರತ ಸ್ತ್ರೀ ಮಹಾಮಂಡಲ' ಕಟ್ಟಿದರು. ಎಲ್ಲ ಧರ್ಮದ, ಎಲ್ಲ ಪ್ರಾಂತ್ಯದ ಹೆಂಗಸರಿಗೆ ಅಂತ. ಅದರ ಮುಖ್ಯ ಕೆಲಸಗಳಲ್ಲಿ ಒಂದು, ಮನೆ ಬಿಟ್ಟು ಬರಲಾಗದ ಹೆಂಗಸರ ಹತ್ತಿರ ಟೀಚರುಗಳನ್ನು ಕಳಿಸುವುದು. 1919ರಲ್ಲಿ ಗಾಂಧೀಜಿ ಲಾಹೋರಿಗೆ ಹೋದಾಗ ಉಳಿದದ್ದು ಇವರ ಮನೆಯಲ್ಲಿ. ಅವರಿಬ್ಬರ ಒಡನಾಟದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬೇಡದಷ್ಟೂ ಬರೆದಿದ್ದಾರೆ. ನಾನು ಅದನ್ನು ಇವತ್ತು ಮುಟ್ಟುವುದಿಲ್ಲ.

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆ ಬಂದವು. ಅವನ್ನೂ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: ದುಡ್ಡಿದ್ದವರು ಸಂಬಳಕ್ಕೇ ಯಾಕೆ ಹೋಗಬೇಕಿತ್ತು, ಸೇವೆ ಅಂತ ಬಿಟ್ಟಿ ಪಾಠ ಹೇಳಬಹುದಿತ್ತಲ್ಲ?

ಹೇಳಬಹುದಿತ್ತು. ಮನೆಯವರು ಇನ್ನೂ ಬೇಗ ಒಪ್ಪುತ್ತಿದ್ದರು. ಆದರೆ ಸೇವೆ ಮಾಡುವವಳನ್ನು ಯಾವಾಗ ಬೇಕಾದರೂ ಮನೆಗೆ ಕರೆಯಬಹುದು. ಮದುವೆ ನಿಶ್ಚಯವಾಗಿದೆ ಬಾ, ಅಮ್ಮನಿಗೆ ಹುಷಾರಿಲ್ಲ ಬಾ. ಸಂಬಳ ತೆಗೆದುಕೊಳ್ಳುವವಳು, ರಜೆ ಇಲ್ಲ ಅನ್ನಬಹುದು. ಇನ್ನೊಂದು ವಿಷಯ. ಶ್ರೀಮಂತರ ಮನೆಯ ಹೆಂಗಸು ಬಿಟ್ಟಿ ಕೆಲಸ ಮಾಡಿದರೆ, ನಿಜವಾಗಿ ಸಂಬಳ ಬೇಕಾದ ಬಡವರ ಮನೆಯ ಟೀಚರಿಗೆ ಅದೇ ಏಟು. ಆಯಮ್ಮ ಸುಮ್ನೆ ಮಾಡ್ತಾರೆ, ನಿಮಗ್ಯಾಕೆ ಜಾಸ್ತಿ ಅಂತ ಕೇಳುತ್ತಾರೆ.

ಇನ್ನೊಬ್ಬರು: ಮೈಸೂರಿನ ಹೆಣ್ಣುಮಕ್ಕಳೇ ಓದಿ ಟೀಚರಾಗುವ ಮಟ್ಟಕ್ಕೆ ಬಂದದ್ದು ಯಾವಾಗ?

ತಡವಾಗಲಿಲ್ಲ. ಹೊಸ ಶತಮಾನ ಬರುವ ಹೊತ್ತಿಗೆ ಮಹಾರಾಣಿ ಶಾಲೆ ಕಾಲೇಜಾಗಿ ಬೆಳೆಯುತ್ತಿತ್ತು. 1906ರಲ್ಲಿ ಶ್ರೀರಂಗಮ್ಮ, ರುಕ್ಮಿಣಿಯಮ್ಮ ಮೊದಲಾದವರು ಪದವಿ ಪಡೆದರು. ಸರಳಾ ಬಂದು ಹೋಗಿ ಹತ್ತು ಹನ್ನೊಂದು ವರ್ಷ ಅಷ್ಟೇ. ಇದರ ಶ್ರೇಯಸ್ಸು ಸರಳಾಗೆ ಸೇರಬೇಕು ಅಂತ ನಾನು ಹೇಳುವುದಿಲ್ಲ, ಅದು ಉತ್ಪ್ರೇಕ್ಷೆ ಆಗುತ್ತದೆ. ಆದರೆ ಬಿ.ಎ. ಓದಿದ ಹಿಂದೂ ಹೆಂಗಸು ಹೇಗಿರುತ್ತಾಳೆ ಅನ್ನೋದನ್ನು ಆ ಶಾಲೆಯ ಹುಡುಗಿಯರು ಕಣ್ಣಾರೆ ನೋಡಿದ್ದರು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿಯದು. ಅವರು ಮತ್ತೆ ಯಾವ ಶಾಲೆಗೂ ಹೋಗಲೇ ಇಲ್ಲವಾ?

ಹೋದರು. ಗಂಡ 1923ರಲ್ಲಿ ತೀರಿಕೊಂಡರು. ಸರಳಾದೇವಿ ಕಲ್ಕತ್ತಕ್ಕೆ ಬಂದು 1930ರಲ್ಲಿ ಹೆಣ್ಣುಮಕ್ಕಳಿಗೆ ಅಂತ 'ಶಿಕ್ಷಾ ಸದನ' ಅನ್ನುವ ಶಾಲೆ ತೆರೆದರು. ಆಗ ಅವರಿಗೆ ಐವತ್ತೆಂಟರ ಹತ್ತಿರ. ಈ ಸಲ ಕೆಲಸ ಕೇಳುವ ಕಡೆ ಅಲ್ಲ, ಟೀಚರುಗಳನ್ನು ಹುಡುಕುವ ಕಡೆ ಇದ್ದರು.